ನನ್ನ ಟ್ಯಾಂಕನ್ನೇ ನನಗೆ ಮಾರಿದ ಮೇಸ್ತ್ರಿ: ಹಳೇ ಜಾವಾ ಬೈಕ್ ಇಟ್ಟುಕೊಂಡವರು ದಯವಿಟ್ಟು ಓದಿ

ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಬರೆಯೋದೋ ಬೇಡವೋ ಅಂತ ಮೂರು ದಿನ ಒದ್ದಾಡಿದೆ. ಇವತ್ತು ಬೆಳಿಗ್ಗೆ ಆ ಮನುಷ್ಯನ ವಾಟ್ಸಾಪ್ ಸ್ಟೇಟಸ್ ನೋಡಿದ ಮೇಲೆ ತಡೆಯಲಾಗಲಿಲ್ಲ. ನನ್ನ ಬೈಕಿನ ಪೆಟ್ರೋಲ್ ಟ್ಯಾಂಕಿನ ಫೋಟೋ ಹಾಕಿ, ಕೆಳಗೆ "ಪ್ಯೂರ್ ಹ್ಯಾಂಡ್‌ಮೇಡ್, ಆರ್ಡರ್ ಮೇಲೆ ಮಾಡಿಕೊಡಲಾಗುವುದು" ಅಂತ ಬರೆದಿದ್ದಾನೆ. ಹೊಟ್ಟೆ ಉರಿಯದೆ ಇನ್ನೇನಾಗುತ್ತೆ?

ಹೆಸರು ಹಾಕುವುದಿಲ್ಲ. ಬೆಂಗಳೂರಿನ ಹೊರಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ಕೂತು "ಹಳೇ ಗಾಡಿಗೆ ಕೈಯಲ್ಲೇ ಟ್ಯಾಂಕ್ ಬಡೀತೀನಿ" ಅನ್ನುವ ಒಬ್ಬ ಮೇಸ್ತ್ರಿ, ಅಷ್ಟು ಸಾಕು.

ಗಾಡಿ ಅಪ್ಪನದು. 1969ರ ಜಾವಾ, ಇಲ್ಲೇ ನಮ್ಮ ಮೈಸೂರಿನ ಯಾದವಗಿರಿ ಫ್ಯಾಕ್ಟರಿಯಲ್ಲಿ ಹುಟ್ಟಿದ್ದು. ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಆಮೇಲೆ ಒರಿಜಿನಲ್ ಪಾರ್ಟ್ ಅಂದರೆ ಗುಜರಿಯಲ್ಲಿ ಸಿಕ್ಕಿದ್ದು, ಯಾರದೋ ಅಟ್ಟದ ಮೇಲೆ ಉಳಿದದ್ದು, ಇಲ್ಲದಿದ್ದರೆ ಕೈಯಲ್ಲಿ ಮಾಡಿಕೊಂಡದ್ದು. ನಾನು ಕೈಯಲ್ಲಿ ಮಾಡಿಕೊಳ್ಳುವ ಜಾತಿಯವನು. ಮನೆ ಪಕ್ಕದ ಓಣಿಯಲ್ಲಿ ಒಂದು ವೈಸ್, ಒಂದು ಡ್ರಿಲ್, ಅರ, ಕತ್ತರಿ, ನಾಲ್ಕು ಸುತ್ತಿಗೆ. ರಟ್ಟಿನಲ್ಲಿ ಅಚ್ಚು ಕತ್ತರಿಸು, ತಗಡಿನ ಮೇಲೆ ಗೀರು, ಕತ್ತರಿಸು, ವೈಸಿನಲ್ಲಿ ಮಡಚು, ಅರ ಹಾಕು. ಆರು ವೋಲ್ಟಿನ ಬ್ಯಾಟರಿ ಹಿಡಿಯುವ ಪಟ್ಟಿ ನಾನೇ ಮಾಡಿದ್ದು. ನಂಬರ್ ಪ್ಲೇಟ್ ಹಿಡಿದು ನಿಲ್ಲಿಸುವ ಸ್ಟೇ ಮಾಡಿದ್ದೀನಿ. ಹಾರ್ನಿನ ಕ್ಲಾಂಪ್ ಮೂರನೇ ಸಲಕ್ಕೆ ಸರಿ ಬಂತು. ಹೀಗೆ ಕೈ ಸುಟ್ಟುಕೊಂಡು ಕಲಿತ ನಾನೇ ಮೋಸ ಹೋದೆ ಅನ್ನುವುದು ದುಡ್ಡಿಗಿಂತ ಜಾಸ್ತಿ ಚುಚ್ಚುತ್ತಿದೆ.

ಟ್ಯಾಂಕ್ ಮಾತ್ರ ನನ್ನ ಕೈಗೆ ಹತ್ತಲಿಲ್ಲ. ಮಡಚುವ ಕೆಲಸ ಬೇರೆ, ಉಬ್ಬಿಸುವ ಕೆಲಸ ಬೇರೆ. ಪಟ್ಟಿ ಒಂದೇ ಕಡೆಗೆ ಬಾಗುತ್ತೆ. ಟ್ಯಾಂಕಿನ ಹೆಗಲು ಉದ್ದಕ್ಕೂ ಬಾಗಬೇಕು, ಅಡ್ಡಕ್ಕೂ ಬಾಗಬೇಕು. ಅದಕ್ಕೆ ತಗಡನ್ನು ಮರಳು ಚೀಲದ ಮೇಲಿಟ್ಟು ಮರದ ಕೊಡತಿಯಲ್ಲಿ ಬಡಿದು ಹಿಗ್ಗಿಸಬೇಕು, ಅಂಚನ್ನು ಕುಗ್ಗಿಸಬೇಕು, ಬಡಿದು ಬಡಿದು ತಗಡು ಬಿರುಸಾದರೆ ಕಾಯಿಸಿ ಮೆತ್ತಗೆ ಮಾಡಬೇಕು. ನಾನು 20 ಗೇಜ್ ದಪ್ಪದ ಮೂರು ಶೀಟ್ ಹಾಳು ಮಾಡಿದೆ. ಎದುರು ಮನೆ ಆಂಟಿ ಬಂದು "ಏನಪ್ಪಾ, ಪಾತ್ರೆ ಅಂಗಡಿ ಇಟ್ಟಿದ್ದೀಯಾ?" ಅಂದರು. ಅಲ್ಲಿಗೆ ನಿಲ್ಲಿಸಿದೆ.

ಅಪ್ಪನ ಟ್ಯಾಂಕಿನ ತಳ ತೂತು ಬಿದ್ದಿತ್ತು. ಟ್ಯಾಂಕಿನೊಳಗೆ ಸೇರಿದ ನೀರು ಪೆಟ್ರೋಲಿಗಿಂತ ಭಾರ, ತಳದಲ್ಲೇ ಕೂತು ಅಲ್ಲಿಂದಲೇ ತಿನ್ನುತ್ತೆ. ಬೆಸುಗೆ ಸಾಲಿನ ಉದ್ದಕ್ಕೂ ಸೂಜಿ ಮೊನೆಯಷ್ಟು ತೂತುಗಳು. ಹಿಂದೆ ಒಂದು ಸಲ ಟಿಂಕರಿಂಗ್‌ನವರೊಬ್ಬರು ಹಿತ್ತಾಳೆ ಬೆಸುಗೆ ಹಾಕಿದ್ದರು, ಕಡಲೆಕಾಳಿನಷ್ಟು ಒಂದು ಗಂಟು. ಎಡಗಡೆ ಒಂದು ಗುಳಿ ಬೇರೆ. 1983ರಲ್ಲಿ ಮದ್ದೂರಿನ ಹತ್ತಿರ ಕಬ್ಬಿನ ಗಾಡಿಗೆ ತಾಗಿ ಬಿದ್ದಾಗ ಹ್ಯಾಂಡಲ್ ತಿರುಗಿ ಟ್ಯಾಂಕಿಗೆ ಬಡಿದಿತ್ತಂತೆ. ಈ ಗಂಟು, ಈ ಗುಳಿ, ಎರಡನ್ನೂ ನೆನಪಿಟ್ಟುಕೊಳ್ಳಿ.

ಮಾರ್ಕೆಟ್ಟಿನಲ್ಲಿ ರೆಡಿ ಟ್ಯಾಂಕ್ ಸಿಗುತ್ತೆ, ಗೊತ್ತು. ನಾನು ನೋಡಿದ ಒಂದೆರಡರ ಹೆಗಲು ಸರಿ ಕಾಣಲಿಲ್ಲ. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ, ಈ ಹಳೇ ಬೈಕಿನವರೆಲ್ಲ ಗಾಡಿ ತೆಗೆದುಕೊಂಡು ಸೇರುವ ದಿನ. ಆವತ್ತು ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೋಗಬೇಕು ಅಂತ ಆಸೆ. ಆಸೆಯೇ ಹಾಳು ಮಾಡಿದ್ದು.

ವ್ಯವಹಾರ ಎಲ್ಲರಿಗೂ ಗೊತ್ತಿರುವ ಥರದ್ದೇ. ಹಳೇ ಪೀಸನ್ನು ಸ್ಯಾಂಪಲ್ಲಿಗೆ ಕೊಡು, ಅರ್ಧ ಅಡ್ವಾನ್ಸ್ ಕೊಡು, ಕಾಯಿ. 22,000ಕ್ಕೆ ಮಾತಾಯಿತು. ಮಾರ್ಚಿನಲ್ಲಿ ನಾನೇ ಬಸ್ಸಿನಲ್ಲಿ ಟ್ಯಾಂಕನ್ನು ತೊಡೆ ಮೇಲಿಟ್ಟುಕೊಂಡು ಹೋಗಿ, ಅದರ ಜೊತೆ 12,000 ಕೊಟ್ಟು ಬಂದೆ. ಶೆಡ್ಡಿನಲ್ಲಿ ಮರಳು ಚೀಲ ಇತ್ತು, ಗ್ಯಾಸ್ ವೆಲ್ಡಿಂಗ್ ಸೆಟ್ ಇತ್ತು, ಗೋಡೆಗೆ ಎರಡು ಬುಲೆಟ್ ಮಡ್‌ಗಾರ್ಡ್ ತೂಗು ಹಾಕಿದ್ದರು. ಮೇಸ್ತ್ರಿ ನನ್ನ ಟ್ಯಾಂಕನ್ನು ಬೆರಳಿನಲ್ಲಿ ತಟ್ಟಿ, ಕಿವಿ ಹತ್ತಿರ ಹಿಡಿದು, "ಇದ್ರಲ್ಲಿ ಜೀವ ಇಲ್ಲ ಸಾರ್. ಹೊಸಾದೇ ಆಗ್ಬೇಕು" ಅಂದ. ನಾಡಿ ನೋಡಿದ ಹಾಗೆ! ನಾನು ತಲೆಯಾಡಿಸಿದೆ.

ಮೂರು ವಾರ ಅಂದದ್ದು ನಾಲ್ಕು ತಿಂಗಳಾಯಿತು. ಕರೆಂಟ್ ಇಲ್ಲ, ಗ್ಯಾಸ್ ಮುಗಿದಿದೆ, ಯುಗಾದಿ, ಊರ ಹಬ್ಬ, ಹೆಂಡತಿ ತವರಲ್ಲಿ ಸಾವು. ಸಾವು ಅಂದಮೇಲೆ ನಾವು ಏನು ಕೇಳುವುದು? ಏಪ್ರಿಲ್ ಕೊನೆಗೆ ಜೋರು ಮಾಡಿದಾಗ ಒಂದು ವಿಡಿಯೋ ಬಂತು. "ನಿಮ್ದೇ ನಡೀತಿದೆ ಸಾರ್, ಈಗ ತೆಗ್ದಿದ್ದು." ಟಣ್ ಟಣ್ ಅಂತ ತಗಡು ಬಡಿಯುತ್ತಿದ್ದಾನೆ. ಅದನ್ನು ನಾನು ಹತ್ತು ಜನಕ್ಕೆ ಕಳಿಸಿದೆ. ಆತ ವಿಡಿಯೋದಲ್ಲಿ ಸ್ವೆಟರ್ ಹಾಕಿಕೊಂಡಿದ್ದ. ಏಪ್ರಿಲ್ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ತಗಡು ಬಡಿಯುವವರು ಯಾರು? ನನಗೂ ಹೊಳೆಯಲಿಲ್ಲ, ಆ ಹತ್ತು ಜನಕ್ಕೂ ಹೊಳೆಯಲಿಲ್ಲ.

ಸ್ಯಾಂಪಲ್ ವಾಪಸ್ ಕೊಡಿ ಅಂತ ಕೇಳಿದ್ದೆ. "ಅಚ್ಚು ತೆಗ್ಯಕ್ಕೆ ಕಟ್ ಮಾಡ್ಬಿಟ್ಟೆ ಸಾರ್, ತುಂಡು ತಗೊಂಡು ಏನ್ ಮಾಡ್ತೀರಾ, ಗುಜರಿಗೆ ಹಾಕ್ದೆ" ಅಂದ. ಬೇಜಾರಾಯಿತು. ಆದರೆ ಅಚ್ಚಿಗೋಸ್ಕರ ಕತ್ತರಿಸುವುದು ಉಂಟು, ಹಾಗಾಗಿ ಸುಮ್ಮನಾದೆ.

ಉಳಿದ 10,000 ಹಾಕಿಸಿಕೊಂಡ ಮೇಲೆ ಜುಲೈ ಎರಡನೇ ವಾರ, ಗುರುವಾರ ಸಂಜೆ ಪಾರ್ಸೆಲ್ ಬಂತು. ಮರೂನ್ ಬಣ್ಣ, ಚಿನ್ನದ ಗೆರೆ, ಮುಖ ನೋಡಿಕೊಳ್ಳಬಹುದು ಅಷ್ಟು ಹೊಳಪು. ಬಾಯಿಗೆ ಟೇಪ್ ಸುತ್ತಿ, ಮೇಲೆ ಚೀಟಿ ಅಂಟಿಸಿದ್ದ: "ಒಳಗೆ ಕೋಟಿಂಗ್ ಇದೆ, ಎರಡು ದಿನ ತೆಗೆಯಬೇಡಿ." ಶುಕ್ರವಾರ ಕೂರಿಸಿದೆ. ಬೋಲ್ಟು ತೂತಿಗೆ ತೂತು ಸರಿಯಾಗಿ ಕೂತಿತು. ಒಂದು ವಾಷರ್ ಹಾಕಲಿಲ್ಲ, ಒಂದೇ ಒಂದು ಸಲ ಅರ ತಾಗಿಸಲಿಲ್ಲ. ನಾನು ಏನು ಅಂದುಕೊಂಡೆ ಗೊತ್ತಾ? ಎಂಥಾ ಕೈ ಈ ಮನುಷ್ಯನದು ಅಂದುಕೊಂಡೆ! ನಾನು ಮಾಡಿದ ಎರಡು ಇಂಚಿನ ಕ್ಲಾಂಪ್ ಮೂರು ಸಲ ಅರ ಹಾಕಿದರೂ ಕೂರುವುದಿಲ್ಲ. ಕೈಯಲ್ಲಿ ಬಡಿದ ಇಡೀ ಟ್ಯಾಂಕ್ ಒಂದೇ ಏಟಿಗೆ ಕೂರುತ್ತಾ? ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಎರಡು ದಿನ ಕಾಯಲು ಆಗಲಿಲ್ಲ. ಶುಕ್ರವಾರ ರಾತ್ರಿಯೇ ಟೇಪ್ ಕಿತ್ತು ಆಯಿಲ್ ಬೆರೆಸಿದ ಪೆಟ್ರೋಲ್ ಎರಡು ಲೀಟರ್ ಸುರಿದೆ. ಶನಿವಾರ ಬೆಳಿಗ್ಗೆ ಬಾಗಿಲು ತೆಗೆದರೆ ಘಮ್ಮಂತ ಪೆಟ್ರೋಲ್ ವಾಸನೆ. ನೆಲದ ಮೇಲೆ ಅಂಗೈಯಗಲ ಕಲೆ. ತಳದ ಅಂಚಿನಲ್ಲಿ ಬಣ್ಣ ಹಾಲಿನ ಕೆನೆ ಹಾಗೆ ಸುಕ್ಕುಗಟ್ಟಿತ್ತು. ಬೆರಳಿಟ್ಟರೆ ಜಾರಿತು. ಕೀಲಿಯಲ್ಲಿ ಕೆರೆದೆ. ಬೂದು ಬಣ್ಣದ ಪೇಸ್ಟ್ ಚೂಯಿಂಗ್ ಗಮ್ ಹಾಗೆ ಎದ್ದು ಬಂತು. ಹಳೇ ಸ್ಪೀಕರಿನ ಮ್ಯಾಗ್ನೆಟ್ ತಂದು ಬಟ್ಟೆ ಸುತ್ತಿ ಇಟ್ಟೆ. ಮೇಲ್ಗಡೆ ಟಪ್ ಅಂತ ಹಿಡಿಯಿತು. ಎಡಗಡೆಗೆ ತಂದೆ, ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. ಅಲ್ಲಿ ತಗಡಿನ ಮೇಲೆ ದಪ್ಪಗೆ ಪುಟ್ಟಿ ಮೆತ್ತಿದ್ದಾನೆ.

ಅಷ್ಟಾದರೂ ಕೆಟ್ಟ ಕೆಲಸ ಮಾಡಿಕೊಟ್ಟಿದ್ದಾನೆ ಅಂತ ಮಾತ್ರ ಅಂದುಕೊಂಡೆ ನೋಡಿ.

ಪೆಟ್ರೋಲ್ ಖಾಲಿ ಮಾಡಿ, ಆರಲು ಬಿಟ್ಟು, ಬಾಯಿಯೊಳಗೆ ಟಾರ್ಚ್ ಬಿಟ್ಟೆ. ಒಳಗೆಲ್ಲ ಬೂದು ಬಣ್ಣ ಬಳಿದಿತ್ತು. ಎಡಗಡೆ ತಗಡು ಒಳಕ್ಕೆ ಉಬ್ಬಿತ್ತು, ಯಾರೋ ಹೊರಗಿನಿಂದ ಮುಷ್ಟಿ ಒತ್ತಿದ ಹಾಗೆ. ಹೊಸದಾಗಿ ಬಡಿದ ಟ್ಯಾಂಕಿನಲ್ಲಿ ಗುಳಿ ಯಾಕೆ ಇರುತ್ತೆ? ಕೈ ನಡುಗಿತು. ತಲೆಕೆಳಗೆ ಮಾಡಿ ತಳದ ಬಣ್ಣ ಕೆರೆಯುತ್ತಾ ಹೋದೆ. ಕೆರೆಯುತ್ತಾ ಕೆರೆಯುತ್ತಾ ಹಳದಿ ಮಿಂಚಿತು. ಹಿತ್ತಾಳೆ. ಕಡಲೆಕಾಳಿನಷ್ಟು.

ಅಪ್ಪ ಹಿಂದೆ ಬಂದು ನಿಂತಿದ್ದರು. ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿ, "ಇದು ನಮ್ದೇ ಕಣೋ" ಅಂದರು.

22,000 ಕೊಟ್ಟು ನಮ್ಮ ಟ್ಯಾಂಕನ್ನೇ ನಾನು ಕೊಂಡುಕೊಂಡಿದ್ದೆ. ಕತ್ತರಿಸಿ ಗುಜರಿಗೆ ಹಾಕಿದ ಟ್ಯಾಂಕು! ಜೀವ ಇಲ್ಲದ ಟ್ಯಾಂಕು!

ಫೋನ್ ಮಾಡಿದೆ. ಮೊದಲನೇ ಉತ್ತರ: "ಹ್ಯಾಂಡ್‌ಮೇಡ್ ಅಂದ್ರೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ ಸಾರ್." ಫೋಟೋ ಕಳಿಸಿದೆ. ಎರಡನೇ ಉತ್ತರ: "ಪೆಟ್ರೋಲ್ ಯಾಕೆ ಹಾಕಿದ್ರಿ? ನೀವು ಶೋಗೆ ಇಡ್ತೀರಾ ಅನ್ಕೊಂಡೆ." ಪೆಟ್ರೋಲ್ ಟ್ಯಾಂಕಿಗೆ ಪೆಟ್ರೋಲ್ ಯಾಕೆ ಹಾಕಿದಿರಿ ಅಂತ ಕೇಳುತ್ತಾನೆ! ಆಮೇಲೆ ಎರಡು ದಿನ ಎತ್ತಲಿಲ್ಲ. ಹೆಂಡತಿ ಫೋನಿನಿಂದ ಮಾಡಿದೆ. ಹಿತ್ತಾಳೆ ಗಂಟಿನ ವಿಷಯ ಹೇಳಿದೆ, ಗುಳಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ತಣ್ಣಗೆ, "ನಿಮ್ಮ ತಂದೆಯೋರ ಟ್ಯಾಂಕೇ ಅಲ್ವಾ ಸಾರ್ ಬಂದಿರೋದು? ಸೆಂಟಿಮೆಂಟ್ ಉಳೀತಲ್ಲ, ಖುಷಿ ಪಡಿ" ಅಂದ. ನಾನು ಏನು ಉತ್ತರ ಕೊಟ್ಟೆ ಅಂತ ಇಲ್ಲಿ ಬರೆಯಲು ಆಗಲ್ಲ. ಅದಕ್ಕೆ ಆತ, "ನಿಮ್ಗೆ ಈಗ ಕೋಪ ಇದೆ, ಕೂಲಾಗಿ ಮಾತಾಡೋಣ" ಅಂದು ಇಟ್ಟ. ತಪ್ಪು ಮಾಡಿದವನು ಅವನು, ಕೋಪಿಷ್ಠ ನಾನು.

ಪುಟ್ಟಿ ಮೆತ್ತಿದ್ದು ದುಡ್ಡಿನ ಮೋಸ ಮಾತ್ರ ಅಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇದೆ, ಅಂಥದ್ದರ ಮುಂದೆ ಈ ಪೇಸ್ಟ್ ಒಂದು ರಾತ್ರಿಯೂ ನಿಲ್ಲಲಿಲ್ಲ. ಟ್ಯಾಂಕಿನ ಕೆಳಗೇ ಬಿಸಿ ಇಂಜಿನ್ ಇರೋದು. ಭಾನುವಾರ ಅಪ್ಪ ಹಿಂದೆ ಕೂತಿರುತ್ತಿದ್ದರು. ಅದನ್ನು ನೆನೆಸಿಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ. ಸರಿಯಾಗಿ ಕೆಲಸ ಮಾಡುವವರು ಬಣ್ಣಕ್ಕೆ ಮುಂಚೆ ಟ್ಯಾಂಕಿನ ಬಾಯಿ ಮುಚ್ಚಿ, ಮೆತ್ತಗೆ ಗಾಳಿ ತುಂಬಿ, ಪಂಕ್ಚರ್ ಅಂಗಡಿಯವನು ಟ್ಯೂಬ್ ಅದ್ದುವ ಹಾಗೆ ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಾರೆ. ಐದು ನಿಮಿಷದ ಕೆಲಸ. ಇವನು ಯಾಕೆ ಮಾಡ್ತಾನೆ, ಗುಳ್ಳೆ ಬರುತ್ತೆ ಅಂತ ಅವನಿಗೇ ಗೊತ್ತಲ್ಲ.

ಯಾರ ಕೈಗಾದರೂ ಹಳೇ ಪಾರ್ಟ್ ಕೊಡುವ ಮುಂಚೆ ಕಣ್ಣಿಗೆ ಬೀಳದ ಕಡೆ ಪಂಚಿನಲ್ಲಿ ಒಂದು ಚುಕ್ಕಿ ಹೊಡೆದಿಡಿ. ತಳದ ಫೋಟೋ ತೆಗೆದು, ತೂಕ ಹಾಕಿ ಬರೆದಿಡಿ. ಬಣ್ಣ ಹೊಡೆದ ಪೀಸ್ ತೆಗೆದುಕೊಳ್ಳಲೇಬೇಡಿ, ಬರೀ ತಗಡು ಕೊಡು ಅನ್ನಿ, ಬಣ್ಣ ನೀವೇ ಹೊಡೆಸಿಕೊಳ್ಳಿ. ವಿಡಿಯೋ ಕಳಿಸಿದರೆ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ನಿಮ್ಮ ಹೆಸರು, ಆವತ್ತಿನ ತಾರೀಕು ಬರೆದು ಕಳಿಸು ಅನ್ನಿ. ಸ್ವೆಟರ್ ಇದೆಯಾ ನೋಡಿ. ಒಳ್ಳೇ ಕೈಯವರು ಇದ್ದಾರೆ, ಇಲ್ಲ ಅನ್ನುತ್ತಿಲ್ಲ, ಆದರೆ ನನಗೆ ಸದ್ಯಕ್ಕೆ ಯಾರ ಮೇಲೂ ನಂಬಿಕೆ ಇಲ್ಲ.

ಗೆಳೆಯನೊಬ್ಬ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡು ಅಂದ. ಮಾಡುತ್ತೇನೆ. ಬಿಲ್ ಇಲ್ಲ. ಇಂಥ ಕೆಲಸಕ್ಕೆ ಬಿಲ್ ಯಾರು ಕೇಳ್ತಾರೆ, ನೀವು ಕೇಳಿದ್ದೀರಾ? ಫೋನ್ ಪೇನಲ್ಲಿ ಹಾಕಿದ 10,000ದ ಸ್ಕ್ರೀನ್‌ಶಾಟ್ ಇದೆ. ಮೊದಲ 12,000 ಕೈಯಲ್ಲೇ ಕೊಟ್ಟದ್ದು, ಎಣಿಸಿಕೊಂಡು ಜೇಬಿಗಿಟ್ಟ.

ಟ್ಯಾಂಕ್ ಈಗ ಓಣಿಯಲ್ಲಿದೆ. ಪುಟ್ಟಿ ಪೂರಾ ಕೆರೆದಿದ್ದೀನಿ, ಅರ್ಧ ಬಕೆಟ್ ಪುಡಿ ಬಂತು. ತಳದ ಕೊಳೆತ ಪಟ್ಟಿ ಕತ್ತರಿಸಿ ತೆಗೆದು ಹೊಸ ತಗಡು ಹಾಕಬೇಕು. ಆ ಪಟ್ಟಿ ಒಂದೇ ಕಡೆಗೆ ಬಾಗುವಂಥದ್ದು, ನನ್ನ ಕೈಯಲ್ಲೇ ಆಗುತ್ತೆ. ಮಾರ್ಚಿನಲ್ಲೇ ಆಗುತ್ತಿತ್ತು. ಗುಳಿ ಹಾಗೇ ಇರಲಿ ಅಂದಿದ್ದಾರೆ ಅಪ್ಪ.

ಇದನ್ನು ಬರೆಯುತ್ತಿರುವಾಗಲೇ ಮೇಸ್ತ್ರಿಯ ಮೆಸೇಜ್ ಬಂತು: "ಸಾರ್, ಪ್ಯಾಕಿಂಗ್ ಬಾಬ್ತು 650 ಬಾಕಿ ಇದೆ. ಸ್ವಲ್ಪ ಬೇಗ ಹಾಕಿ."