426 ಹೆಮಿ: ರೇಸಿಗಾಗಿ ಹುಟ್ಟಿ ರಸ್ತೆಗೆ ಬಂದ ಎಂಜಿನ್

ಪ್ರತಿ ವರ್ಷ ಆಗಸ್ಟ್‌ನಲ್ಲಿ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆಯ ಕಾರುಗಳು ಸಾಲುಗಟ್ಟಿ ಸಾಗುತ್ತವೆ. ಅಂಥ ಒಂದು ದಿನ, 1969ರ ಪ್ಲಿಮತ್ ರೋಡ್ ರನ್ನರ್ ಕಾರಿನ ಮಾಲೀಕರೊಬ್ಬರು ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡರು. ಬಾನೆಟ್‌ನ ಕೆಳಗಿದ್ದುದು ಪ್ಲಿಮತ್‌ನ ಮಾತೃಸಂಸ್ಥೆ ಕ್ರೈಸ್ಲರ್‌ನ 426 ಹೆಮಿ ಎಂಜಿನ್ (426 ಎಂಬುದು ಘನ ಅಂಗುಲಗಳಲ್ಲಿ ಅದರ ಗಾತ್ರ). ಸಾಲಿನಲ್ಲಿ ತೆವಳುತ್ತಿದ್ದಾಗ ಅದು ನನಗೆ ಒಂದಿಷ್ಟೂ ಹಿಡಿಸಲಿಲ್ಲ: ನಿಂತಲ್ಲೇ ಕಾರು ನಡುಗುತ್ತಿತ್ತು, ವಾಲ್ವ್‌ಗಳನ್ನು ಎತ್ತುವ ಟಪೆಟ್‌ಗಳು ಚಟಪಟಗುಟ್ಟುತ್ತಿದ್ದವು, ಪೂರ್ತಿ ಉರಿಯದ ಪೆಟ್ರೋಲಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು. ಸಂಜೆ ಮರಳುವಾಗ ರಸ್ತೆ ಖಾಲಿಯಿತ್ತು. 4000 ಆರ್‌ಪಿಎಂ ದಾಟುತ್ತಿದ್ದಂತೆ ಚದುರಿದ ಸದ್ದುಗಳೆಲ್ಲ ಒಂದೇ ಘರ್ಜನೆಯಾಗಿ ಕೂಡಿಕೊಂಡವು. ಇತರ ದೊಡ್ಡ ವಿ8 ಎಂಜಿನ್‌ಗಳು ಏದುಸಿರು ಬಿಡತೊಡಗುವ ವೇಗದಲ್ಲಿ ಇದರ ಎಳೆತ ಇನ್ನೂ ಏರುತ್ತಲೇ ಇತ್ತು. ಈ ಎಂಜಿನ್ನಿನ ಗುಣವೂ ದೋಷವೂ ಒಂದೇ ಮೂಲದಿಂದ, ಅಂದರೆ ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಅದರ ಸಿಲಿಂಡರ್ ಹೆಡ್ಡಿನಿಂದ, ಬಂದವು ಎಂಬುದು ನನಗೆ ಅಂದು ಮನದಟ್ಟಾಯಿತು.

ಹೆಮಿ ಎಂಬುದು ಅರ್ಧಗೋಳಾಕಾರ ಎಂಬರ್ಥದ ‘ಹೆಮಿಸ್ಫೆರಿಕಲ್’ ಪದದ ಚಿಕ್ಕ ರೂಪ. ದಹನಕೋಣೆ ಬೋರಲು ಹಾಕಿದ ಬಟ್ಟಲಿನಂತಿರುವುದರಿಂದ ಒಳಬರುವ ಮತ್ತು ಹೊರಹೋಗುವ ವಾಲ್ವ್‌ಗಳನ್ನು ಎದುರುಬದುರಾಗಿ ಓರೆಯಾಗಿ ಕೂರಿಸಬಹುದು. ಪಕ್ಕಪಕ್ಕದಲ್ಲಿ ನಿಲ್ಲಿಸಿದಾಗ ಹಿಡಿಸದಷ್ಟು ದೊಡ್ಡ ವಾಲ್ವ್‌ಗಳು ಇಲ್ಲಿ ಹಿಡಿಸುತ್ತವೆ. ಒಳಬರುವ ವಾಲ್ವ್‌ನ ವ್ಯಾಸ 2.25 ಅಂಗುಲ. ಗಾಳಿ ಒಂದು ಬದಿಯಿಂದ ಹೊಕ್ಕು ಹೆಚ್ಚು ತಿರುವಿಲ್ಲದೆ ಇನ್ನೊಂದು ಬದಿಯಿಂದ ಹೊರಬೀಳುತ್ತದೆ. ಸ್ಪಾರ್ಕ್ ಪ್ಲಗ್ ನಡುವಿನಲ್ಲಿದೆ. ಆದ್ದರಿಂದಲೇ ಅಗಲವಾದ ವಾಲ್ವ್ ಕವರ್‌ಗಳ ಮಧ್ಯದಿಂದ ಪ್ಲಗ್ ವೈರುಗಳು ಮೇಲೆದ್ದಿರುವುದನ್ನು ಕಂಡರೆ ದೂರದಿಂದಲೇ ಹೆಮಿ ಎಂದು ಗುರುತಿಸಬಹುದು. ಆದರೆ ಇದಕ್ಕೆ ತೆತ್ತ ಬೆಲೆಯೂ ದೊಡ್ಡದು. ಪ್ರತಿ ಹೆಡ್‌ಗೆ, ವಾಲ್ವ್ ಒತ್ತುವ ತೋಳುಗಳನ್ನು ಹೊರುವ ಎರಡೆರಡು ರಾಕರ್ ಶಾಫ್ಟ್‌ಗಳು, ಎರಕದ ಕಬ್ಬಿಣದ ಭಾರಿ ಹೆಡ್‌ಗಳು, ಒಟ್ಟು 350 ಕಿಲೋಗೂ ಮೀರಿದ ತೂಕ. ಇದಕ್ಕೆ ‘ಆನೆ’ ಎಂಬ ಅಡ್ಡಹೆಸರು ಅಂಟಿದ್ದು ಸಹಜ.

ಈ ಎಂಜಿನ್ ಮೂಲತಃ ರೇಸಿಗಾಗಿ ಹುಟ್ಟಿತು. 1964ರ ಫೆಬ್ರುವರಿಯಲ್ಲಿ ಡೇಟೋನಾ 500 ಪಂದ್ಯದಲ್ಲಿ ಮೊದಲ ಮೂರು ಸ್ಥಾನಗಳೂ ಹೆಮಿ ಹೊತ್ತ ಪ್ಲಿಮತ್ ಕಾರುಗಳ ಪಾಲಾದವು. ಗೆದ್ದವರು ರಿಚರ್ಡ್ ಪೆಟ್ಟಿ. ಜನರಿಗೆ ಮಾರದ ಎಂಜಿನ್ನನ್ನು ಈ ರೇಸುಗಳನ್ನು ನಡೆಸುವ ಸಂಸ್ಥೆ ನಾಸ್ಕಾರ್ ಒಪ್ಪದೆ ಹೋದಾಗ, 1966ರ ಮಾದರಿಗಳಲ್ಲಿ ‘ಸ್ಟ್ರೀಟ್ ಹೆಮಿ’ಯನ್ನು ಕಂಪನಿ ಮಾರಾಟಕ್ಕಿಟ್ಟಿತು: ಸುಮಾರು 7 ಲೀಟರ್, 10.25:1 ಕಂಪ್ರೆಷನ್, 425 ಅಶ್ವಶಕ್ತಿ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಲು ಹಿಂದೆ ಮುಂದೆ ಕಾರ್ಟರ್ ಕಂಪನಿಯ ಎರಡು ಕಾರ್ಬ್ಯುರೇಟರ್‌ಗಳು. ಮೆಲ್ಲಗೆ ಓಡಿಸುವಾಗ ಹಿಂದಿನದೇ ಮುಖ್ಯವಾಗಿ ಕೆಲಸ ಮಾಡುತ್ತದೆ. ಆಕ್ಸಿಲರೇಟರನ್ನು ಆಳಕ್ಕೆ ಒತ್ತಿದಾಗ ಮುಂದಿನದೂ ತೆರೆದುಕೊಳ್ಳುತ್ತದೆ. ಎರಡರ ಟ್ಯೂನಿಂಗ್ ಹೊಂದದಿದ್ದರೆ ಎಂಜಿನ್ ತಡವರಿಸುತ್ತದೆ. 1970ರಲ್ಲಿ ತಮ್ಮಷ್ಟಕ್ಕೆ ತಾವೇ ಹೊಂದಿಕೊಳ್ಳುವ ಹೈಡ್ರಾಲಿಕ್ ಟಪೆಟ್‌ಗಳು (ಲಿಫ್ಟರ್‌ಗಳು) ಬಂದ ಮೇಲೆ ಟಪೆಟ್ ಹೊಂದಿಸುವ ಕಷ್ಟವಾದರೂ ತಪ್ಪಿತು.

ದಿನಬಳಕೆಯ ದೃಷ್ಟಿಯಿಂದ ತೂಗಿದರೆ ಅದೇ ಕಂಪನಿಯ 440 ಸಿಕ್ಸ್ ಪ್ಯಾಕ್ ಎಂಜಿನ್ ಹೆಚ್ಚು ವಿವೇಕದ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರದು 390 ಅಶ್ವಶಕ್ತಿಯಾದರೂ ತಿರುಗಿಸುವ ಬಲ (ಟಾರ್ಕ್) ಹೆಮಿಗೆ ಸಮನಾಗಿದೆ. ಬೆಲೆ ಕಡಿಮೆ, ಆರೈಕೆ ಸುಲಭ. ಮೂಲಬೆಲೆ 3000 ಡಾಲರ್‌ನೊಳಗಿದ್ದ 1968ರ ರೋಡ್ ರನ್ನರ್‌ಗೆ ಹೆಮಿ ಬೇಕೆಂದವರು ಮತ್ತೆ ಸುಮಾರು 700 ಡಾಲರ್ ಸೇರಿಸಬೇಕಿತ್ತು, ವಿಮೆಯ ಕಂತು ಬೇರೆ. ಹೀಗಾಗಿ 1971ರಲ್ಲಿ ನಿಲ್ಲುವವರೆಗೆ ಇದನ್ನು ಕೊಂಡವರು ಕಡಿಮೆ. ಅಂದಿನ ಆ ಹಿಂಜರಿಕೆಯೇ ಇಂದಿನ ಬೆಲೆಗೆ ಕಾರಣ. ಹೆಮಿ ಹೊತ್ತ 1971ರ ಪ್ಲಿಮತ್ ಕುಡಾ ಕಾರಿನ ಕನ್ವರ್ಟಿಬಲ್‌ಗಳ (ಛಾವಣಿ ಮಡಚುವ ಮಾದರಿಗಳ) ಸಂಖ್ಯೆ ಹನ್ನೆರಡನ್ನು ದಾಟಲಿಲ್ಲ. ಅವುಗಳಲ್ಲೊಂದು 2014ರ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರ್‌ಗೆ ಹೋಯಿತು.

ಆದರೂ ನನ್ನ ಮನಸ್ಸು ಸೋತಿರುವುದು ‘ಬ್ಲ್ಯಾಕ್ ಘೋಸ್ಟ್’ ಎಂದು ಹೆಸರಾದ 1970ರ ಡಾಡ್ಜ್ (ಕ್ರೈಸ್ಲರ್‌ನದೇ ಇನ್ನೊಂದು ಬ್ರ್ಯಾಂಡ್) ಚಾಲೆಂಜರ್‌ಗೆ. ಕಪ್ಪು ಬಣ್ಣ, ಮೊಸಳೆ ಚರ್ಮದಂತೆ ಕಾಣುವ ವಿನೈಲ್ ಹೊದಿಕೆಯ ಛಾವಣಿ, ನಾಲ್ಕು ಗೇರು, ಹೆಮಿ. ಅದನ್ನು ಕೊಂಡವರು ಡೆಟ್ರಾಯಿಟ್‌ನ ಪೊಲೀಸ್ ಅಧಿಕಾರಿ. ರಾತ್ರಿ ವುಡ್‌ವರ್ಡ್‌ನಲ್ಲಿ ಪೈಪೋಟಿಗಿಳಿದು, ಗೆದ್ದು, ಯಾರೆಂದು ತಿಳಿಯುವ ಮೊದಲೇ ಮರೆಯಾಗುತ್ತಿದ್ದರಂತೆ. ಅಲ್ಲಿಯವರೆಗೂ ಒಂದೇ ಮನೆತನದಲ್ಲಿ ಉಳಿದಿದ್ದ ಆ ಕಾರು 2020ರಲ್ಲಿ ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಹೆಮಿಯನ್ನು ಗಾಜಿನ ಹಿಂದೆ ಕೂರಿಸದೆ, ಅದು ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸಕ್ಕೇ ಹಚ್ಚಿದ್ದಕ್ಕಾಗಿ ಆ ಕಾರು ನನಗೆ ಕೋಟಿ ಬೆಲೆಯವುಗಳಿಗಿಂತ ಹಿರಿದಾಗಿ ಕಾಣುತ್ತದೆ.

ಅಮೆರಿಕದಲ್ಲಿದ್ದು ಇಂಥ ಕಾರು ಕೊಳ್ಳಲು ಹೊರಟ ಕನ್ನಡಿಗರಿಗೆ ಒಂದು ಮಾತು. ಸಾಧಾರಣ ಎಂಜಿನ್ ತೆಗೆದು ನಂತರ ಹೆಮಿ ಕೂರಿಸಿದ ಕಾರುಗಳು ಬಹಳ ಇವೆ. 1970 ಮತ್ತು 1971ರ ಕಾರಾದರೆ ವಾಹನದ ಗುರುತು ಸಂಖ್ಯೆಯಾದ ವಿಐಎನ್‌ನ ಐದನೆಯ ಅಕ್ಷರ ‘ಆರ್’ (R) ಆಗಿರಬೇಕು, ಬಾನೆಟ್ಟಿನ ಒಳಗಿನ ಲೋಹದ ಫಲಕವಾದ ಫೆಂಡರ್ ಟ್ಯಾಗ್‌ನಲ್ಲಿ ‘ಇ74’ (E74) ಎಂದಿರಬೇಕು. ಎಂಜಿನ್ ಬ್ಲಾಕಿನ ಮೇಲೆ ಒತ್ತಿದ ಸಂಖ್ಯೆಯನ್ನು ವಿಐಎನ್‌ನೊಂದಿಗೆ ಕಣ್ಣಾರೆ ಹೋಲಿಸಿ ನೋಡಿದ ನಂತರವೇ ಬೆಲೆಯ ಮಾತು ಎತ್ತಿರಿ.