ಪಾಠ ಬಿಟ್ಟು ಬೇರೆ ಕೆಲಸಕ್ಕೆ: ಲಿಂಕ್ಡ್‌ಇನ್ನಾ, ಇಂಡೀಡಾ?

ಯಾವ ಕೆಲಸಕ್ಕೆ ಹೋಗಬೇಕು ಅಂತ ಇನ್ನೂ ಗೊತ್ತಿಲ್ಲದ ಮೇಷ್ಟ್ರು, ವೃತ್ತಿಯ ಪರಿಚಯ ಬೆಳೆಸುವ ಜಾಲತಾಣ ಲಿಂಕ್ಡ್‌ಇನ್‌ನಿಂದ ಶುರು ಮಾಡಿ. ಬೇಗ ಸಂಬಳ ಬೇಕಾದವರು ಕೆಲಸ ಹುಡುಕುವ ಜಾಲತಾಣ ಇಂಡೀಡ್ ಕಡೆ ಹೋಗಿ.

ಇಂಡೀಡ್‌ನಲ್ಲಿ ಹುದ್ದೆಯ ಹೆಸರು ಹಾಕಿ ಹುಡುಕಬೇಕು, ರೆಸ್ಯೂಮ್ ಕಳಿಸಬೇಕು, ಅಷ್ಟೇ. ಆದರೆ ರೆಸ್ಯೂಮ್ ತುಂಬಾ ಬರೀ ಪಾಠ, ಪರೀಕ್ಷೆ ಅಂತಲೇ ಇದ್ದರೆ ನೋಡುವವರು ಪಕ್ಕಕ್ಕಿಡುವುದೇ ಜಾಸ್ತಿ.

ಲಿಂಕ್ಡ್‌ಇನ್‌ನಲ್ಲಿ ಮೊದಲು ಜನ ಸಿಗುತ್ತಾರೆ, ಕೆಲಸ ಆಮೇಲೆ. ನೀವು ಓದಿದ ಕಾಲೇಜಿನ ಪುಟದಲ್ಲಿ ಹಳೆ ವಿದ್ಯಾರ್ಥಿಗಳ ವಿಭಾಗ ತೆರೆಯಿರಿ. ಯಾರು ಎಲ್ಲಿ, ಏನು ಮಾಡುತ್ತಿದ್ದಾರೆ ಅಂತ ಕಾಣುತ್ತದೆ. ಪಾಠ ಬಿಟ್ಟು ಕಂಪನಿಗಳಲ್ಲಿ ತರಬೇತಿ ಕೊಡುವವರು, ಆನ್‌ಲೈನ್ ಕೋರ್ಸ್ ರೂಪಿಸುವವರು ಸಿಕ್ಕರೆ ‘ಕೆಲಸ ಕೊಡಿಸಿ’ ಅನ್ನಬೇಡಿ. ‘ನೀವು ಹೇಗೆ ಬದಲಾದಿರಿ?’ ಅಂತ ಕೇಳಿ. ಮೇಷ್ಟ್ರಿಗೆ ಪ್ರಶ್ನೆ ಕೇಳೋದು ಹೊಸದೇನಲ್ಲ!

ಲಿಂಕ್ಡ್‌ಇನ್‌ನ ನಿಮ್ಮ ಪುಟದಲ್ಲಿ ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರ ಜಾಗವಿದೆ. ಸುಮ್ನೆ ‘ಗಣಿತ ಶಿಕ್ಷಕಿ’ ಅಂತ ಬಿಡಬೇಡಿ. ‘ಕಲಿಕೆಯ ಸಾಮಗ್ರಿ ರೂಪಿಸುತ್ತೇನೆ, ಹತ್ತು ವರ್ಷ ತರಗತಿಯ ಅನುಭವ’ ಎಂದು ಬರೆಯಿರಿ.

ಅಲ್ಲೇ ಫೋಟೋ ಸುತ್ತ ‘ಓಪನ್ ಟು ವರ್ಕ್’ (ಕೆಲಸ ಹುಡುಕುತ್ತಿದ್ದೇನೆ) ಎಂಬ ಹಸಿರು ಪಟ್ಟಿ ಹಾಕಿದರೆ ನಿಮ್ಮ ಹೆಡ್‌ಮಾಸ್ಟರಿಗೂ ಕಾಣುತ್ತದೆ, ಅಲ್ವಾ? ನೇಮಕ ಮಾಡುವವರಿಗಷ್ಟೇ ತೋರಿಸುವ ಆಯ್ಕೆಯಿದೆ. ಆದರೆ ಅದೂ ಪೂರ್ತಿ ಗುಟ್ಟಲ್ಲ.