ಲಿತ್ ಪ್ರಿಂಟ್: ಚಿರೋಟಿ ರವೆಯೋ, ಇಡ್ಲಿ ರವೆಯೋ?

ಲಿತ್ ಪ್ರಿಂಟ್ ಎಂದರೆ ಕಪ್ಪು-ಬಿಳುಪು ಫೋಟೋವನ್ನು ಡಾರ್ಕ್‌ರೂಮಿನಲ್ಲಿ, ತುಂಬ ನೀರು ಬೆರೆಸಿದ ಲಿತ್ ಡೆವಲಪರಿನಲ್ಲಿ ಪೇಪರಿನ ಮೇಲೆ ನಿಧಾನವಾಗಿ ಮೂಡಿಸುವುದು. ನೆಗೆಟಿವ್ ಒಂದೇ. ಹಳೇ ಮನೆಯ ಜಗಲಿ, ಅರ್ಧ ತೆರೆದ ಬಾಗಿಲು, ಅದರ ಹಿಂದೆ ಕತ್ತಲೆ. ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಕೂಡ ಒಂದೇ: ಈಸಿಲಿತ್, ಒಂದು ಲೀಟರ್ ನೀರಿಗೆ ಅದರ ಎ, ಬಿ ದ್ರಾವಣ ತಲಾ 25 ಮಿ.ಲೀ., ಟ್ರೇ 30 ಡಿಗ್ರಿಯಲ್ಲಿ. ಬದಲಾಯಿಸಿದ್ದು ಪೇಪರ್ ಮಾತ್ರ. ಆದರೂ ಒಣಗಿದ ಪ್ರಿಂಟುಗಳನ್ನು ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಫಿಲ್ಮಿನಲ್ಲಿ ತೆಗೆದ ಹಾಗಿವೆ.

ಲಿತ್‌ನಲ್ಲಿ ಕಣ್ಣಿಗೆ ಹೊಡೆಯುವ ಗ್ರೇನ್, ಅಂದರೆ ಚಿತ್ರದಲ್ಲಿ ಕಾಣುವ ಕಾಳುಕಾಳು ಚುಕ್ಕೆ, ಹೆಚ್ಚಾಗಿ ಪೇಪರಿನದು. ಡೆವಲಪಿಂಗಿನಲ್ಲಿ ಹುಟ್ಟುವ ವಸ್ತುವನ್ನು ತೆಗೆದುಹಾಕುವ ಸಲ್ಫೈಟ್ ಈ ಡೆವಲಪರಿನಲ್ಲಿ ತೀರಾ ಕಡಿಮೆ. ಹಾಗಾಗಿ ಚಿತ್ರ ಮೂಡಿಸುವ ರಾಸಾಯನಿಕ ಹೈಡ್ರೋಕ್ವಿನೋನ್ ಕೆಲಸ ಮಾಡಿದಾಗ ಹುಟ್ಟುವ ವಸ್ತು ಅಲ್ಲೇ ಉಳಿದು, ಅಕ್ಕಪಕ್ಕದ ಡೆವಲಪಿಂಗನ್ನೂ ಜೋರು ಮಾಡುತ್ತದೆ. ಒಂದು ಕಡೆ ಕಪ್ಪು ಶುರುವಾದರೆ ಅಂಟುರೋಗವೇ ಸರಿ. ಬೇಕಾದಷ್ಟು ಕಪ್ಪಾದ ತಕ್ಷಣ ಹಾಳೆಯನ್ನು ಎತ್ತಿ, ಡೆವಲಪಿಂಗ್ ನಿಲ್ಲಿಸುವ ಸ್ಟಾಪ್ ಬಾತ್‌ಗೆ ಹಾಕಬೇಕು.

ಚೆಕ್ ಕಂಪನಿ ಫೋಮಾದ ಫೋಮಾಟೋನ್ 131 ಕ್ಲೋರೋಬ್ರೋಮೈಡ್ ಪೇಪರ್, ಅಂದರೆ ಬೆಳಕು ಹಿಡಿಯುವ ಪದರದಲ್ಲಿ ಬೆಳ್ಳಿಯ ಕ್ಲೋರೈಡ್, ಬ್ರೋಮೈಡ್ ಎರಡೂ ಇರುವಂಥದ್ದು. ಬೇಗ ಬರುತ್ತದೆ, ನನಗೆ ಏಳು ನಿಮಿಷ ಸಾಕಾಯಿತು. ಗೋಡೆಯ ಸುಣ್ಣ ತಿಳಿ ಗುಲಾಬಿಗೆ ತಿರುಗಿತು. ಗ್ರೇನ್ ಚಿರೋಟಿ ರವೆಯ ಹಾಗೆ, ಭೂತಗನ್ನಡಿ ಹಿಡಿದರಷ್ಟೇ ಗೊತ್ತಾಗುವಷ್ಟು ಸಣ್ಣ. ಒಂದೇ ತೊಂದರೆ, ಇದಕ್ಕೆ ಕಡುಗೆಂಪು ಸೇಫ್‌ಲೈಟೇ (ಡಾರ್ಕ್‌ರೂಮ್ ದೀಪ) ಬೇಕು. ನಾನು ಮೊದಲು ಕಿತ್ತಳೆ ದೀಪ ಹಾಕಿಕೊಂಡು ಸುಮ್ನೆ ಎರಡು ಹಾಳೆ ಹಾಳು ಮಾಡಿದೆ.

ಫೋಮಾಬ್ರೋಮ್ ವೇರಿಯಂಟ್ 111 ಅದೇ ಕಂಪನಿಯದು, ಸ್ವಭಾವ ಮಾತ್ರ ಬೇರೆ. ಹದಿಮೂರು ನಿಮಿಷ ಟ್ರೇ ಅಲ್ಲಾಡಿಸಿ ಕೈ ನೋವು ಬಂತು. ಬಣ್ಣ ಅಷ್ಟಕ್ಕಷ್ಟೇ, ಬೂದು ಕಲೆಸಿದ ಕಂದು. ಆದರೆ ಗ್ರೇನ್! ಇಡ್ಲಿ ರವೆ. ಬಾಗಿಲ ಹಿಂದಿನ ಕತ್ತಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕರಿ ಚುಕ್ಕೆಗಳ ನಡುವೆ ಬಿಳಿ ಪೇಪರ್ ಇಣುಕುತ್ತದೆ. ಕತ್ತಲೆ ಉಸಿರಾಡಿದ ಹಾಗಿದೆ.

ಮನೆಯಲ್ಲಿ ಉಳಿದಿದ್ದ ಒಂದು ಆರ್‌ಸಿ (ಪ್ಲಾಸ್ಟಿಕ್ ಲೇಪದ) ಪೇಪರನ್ನೂ ಹಾಕಿದೆ. ಪೂರ್ತಿ ಬೂದು, ಗ್ರೇನೂ ಇಲ್ಲ, ಬಣ್ಣವೂ ಇಲ್ಲ. ಈಗಿನ ಪೇಪರುಗಳಲ್ಲಿ ಎಷ್ಟೋ ಲಿತ್‌ಗೆ ಒಗ್ಗುವುದೇ ಇಲ್ಲ.

ಮುಖದ ಚಿತ್ರವಾದರೆ ಕಣ್ಣು ಮುಚ್ಚಿ 131. ಕೆನ್ನೆಯ ಮೇಲೆ ಇಡ್ಲಿ ರವೆ ಯಾರಿಗೆ ಬೇಕು, ಅಲ್ವಾ? ಈ ಜಗಲಿಗೆ ಮಾತ್ರ 111. ಅದರಲ್ಲೂ ಎರಡನೇ ಹಾಳೆ. ಮೊದಲನೆಯದನ್ನು ಎತ್ತಲು ಸುಮಾರು ಇಪ್ಪತ್ತು ಸೆಕೆಂಡ್ ತಡ ಮಾಡಿದೆ. ಅಷ್ಟರಲ್ಲಿ ಚುಕ್ಕೆಗಳೆಲ್ಲ ಕೂಡಿಕೊಂಡು ಬಾಗಿಲ ಚಿಲಕವನ್ನೇ ನುಂಗಿದ್ದವು.